ಪಟ್ಟಿಯಾಗ ಒಂದು ಹೆಸರು



ನಾನು ಹಗಲು ಹೊಲ ಮಾಡುವವ, ರಾತ್ರಿ ಭಜನಿಯಾಗ ತತ್ವಪದ ಹಾಡುವವ. ಓದಿದ್ದು ಏಳನೇ ತರಗತಿ. ವಾಚನಾಲಯದ ಹುಡುಗರು ಬಂದು, "ತಾತ, ಈ ಸಲದ ಪುಸ್ತಕಕ್ಕೆ ನೀನೂ ಒಂದು ಬರಿ" ಅಂದರು. ಏನು ಬರೀಲಿ ಅಂದೆ. "ಯಾವುದು ನಿನಗ ನಿದ್ದಿ ಹತ್ತಗೊಡುವಲ್ದೋ ಅದನ್ನ ಬರಿ" ಅಂದರು. ಹಾಂಗಾದರೆ ಇದನ್ನೇ ಬರೀಬೇಕು. ಬೇರೆ ಸೀಮೆಯಿಂದಲೋ ಬೇರೆ ದೇಶದಿಂದಲೋ ಬಂದು ನೆಲೆ ನಿಂತವನು ಯಾವಾಗ ಆ ಊರಿನವನಾಗುತ್ತಾನೆ? ಎಷ್ಟು ವರ್ಷ ಇದ್ದರೆ ಆಗುತ್ತಾನೆ? ಆಗಿದ್ದಾನೆ ಅಂತ ಹೇಳುವವರು ಯಾರು? ಈ ಪ್ರಶ್ನೆ ನನ್ನ ತಲಿಯಾಗ ಹೊಕ್ಕಿದ್ದು ಹೋದ ವರ್ಷದ ಜಾತ್ರಿ ಪಟ್ಟಿ ಬರೆಯುವಾಗ. ನಾನು ಮಾಡಿದ ಒಂದು ತಪ್ಪಿನಿಂದ.

ನಮ್ಮದು ಧರೂರು ಸೀಮೆಯ ಸಣ್ಣ ಹಳ್ಳಿ, ಜೂರಾಲಾ ಕಟ್ಟೆಯಿಂದ ದೂರ ಇಲ್ಲ. ನಾನು ಹುಡುಗ ಇದ್ದಾಗ ಇಲ್ಲೆಲ್ಲ ಮಳಿ ನಂಬಿದ ಹೊಲಗಳು. ಜೋಳ, ಶೇಂಗಾ, ಔಡಲ, ತೊಗರಿ. ಮಳಿ ಬಂದರೆ ಉಂಡ್ವಿ, ಬರದಿದ್ದರೆ ಗಂಟು ಕಟ್ಟಿದ್ವಿ. ಕೃಷ್ಣೆಗೆ ಕಟ್ಟೆ ಕಟ್ಟುವ ಕೆಲಸ 1981ರಲ್ಲಿ ಶುರುವಾಯಿತು, ನೀರು ನಿಲ್ಲುವುದಕ್ಕೆ ತೊಂಬತ್ತರ ದಶಕ ಬರಬೇಕಾಯಿತು. ನೀರು ಬಂದ ಮ್ಯಾಲೆ ನೆಲ್ಲು ಬಂತು. ನೆಲ್ಲಿನ ಹಿಂದೆ ಅಕ್ಕಿ ಮಿಲ್ಲು ಬಂತು. ಅದರ ಹಿಂದೆ, ಈ ಹತ್ತು ವರ್ಷದಾಗ, ನೆಲ್ಲು ಹಚ್ಚುವುದಕ್ಕೆ ಬಿಹಾರದ ಕಡೆಯ ಮಂದಿ ಬಂದರು. ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡೀತಾರ. ಹಗ್ಗ ಹಿಡಿದಂಗ ಸಾಲು ಹಚ್ಚತಾರ. ನಮ್ಮ ಹೆಣ್ಣುಮಕ್ಕಳು ನಾಲ್ಕು ದಿನ ಹಚ್ಚುವುದನ್ನ ಒಂದೇ ದಿನಕ್ಕೆ ಮುಗಿಸಿ ಮುಂದಿನ ಹೊಲಕ್ಕೆ ಹೋಗತಾರ.

ಹಾಂಗ ಬಂದವರಾಗ ಒಬ್ಬ ತಿರುಗಿ ಹೋಗಲಿಲ್ಲ. ಮಿಲ್ಲಿನಾಗ ಹಮಾಲಿ ಕೆಲಸಕ್ಕೆ ನಿಂತ. ಮರು ವರ್ಷ ಹೆಂಡತಿಯನ್ನ, ಎರಡು ಮಕ್ಕಳನ್ನ ಕರಕೊಂಡು ಬಂದ. ಹಳೇ ಮನಿಯೊಂದನ್ನ ಬಾಡಿಗೆಗೆ ಹಿಡಿದ. ಮಕ್ಕಳು ಸರ್ಕಾರಿ ತೆಲುಗು ಶಾಲಿಗೆ ಹೋಗತಾವ. ದೊಡ್ಡವನು ಈಗ ನನ್ನ ಮೊಮ್ಮಗನಿಗಿಂತ ಚಲೋ ತೆಲುಗು ಓದತಾನ. ಹೋದ ಜಾತ್ರಿಗೆ ಅವರು ಬಂದು ನಾಲ್ಕು ವರ್ಷ ಆಗಿತ್ತು.

ಜಾತ್ರಿ ಪಟ್ಟಿ ಅಂದರೆ ಏನು ಅಂತ ಈ ಪುಸ್ತಕ ಓದುವವರಿಗೆ ಹೇಳಬೇಕಾಗಿಲ್ಲ. ಮನಿಗೆ ಇಷ್ಟು ಅಂತ ಗೊತ್ತು ಮಾಡಿ, ವಹಿಯಾಗ ಒಂದೊಂದೇ ಮನಿ ಹೆಸರು ಬರೆದು ರೊಕ್ಕ ಎತ್ತುವುದು. ಹೋದ ವರ್ಷ ಮನಿಗೆ 500 ರೂಪಾಯಿ. ಬರೆಯುವ ಕೈ ನಂದು. ಆ ಓಣಿಗೆ ಬಂದಾಗ ಜೊತೆಗಿದ್ದವನು ಅಂದ, "ಬಿಹಾರಿ ಮನಿ ಬರಕೋತೀ ಏನಣ್ಣ?" ನಾನಂದೆ, "ಬಿಡು. ಪಾಪ, ದುಡಿಯಾಕ ಬಂದವರು. ಹೊರಗಿನವರ ಹತ್ತಿರ ಏನು ಕೇಳೂದು." ಎಲ್ಲರೂ ಹೌದಂದರು. ಒಳ್ಳೇ ಮಾತು ಆಡಿದೆ ಅಂತ ನನಗ ಒಳಗ ಸ್ವಲ್ಪ ಹಿಗ್ಗೂ ಆಯಿತು. ಸುಳ್ಳು ಯಾಕ ಹೇಳಲಿ.

ಅವತ್ತು ರಾತ್ರಿ ಉಂಡು ಕಟ್ಟಿ ಮ್ಯಾಲೆ ಕುಂತಿದ್ದೆ. ಅವನು ಬಂದ. ಮಿಲ್ಲಿನ ತೌಡು ಇನ್ನೂ ತಲಿ ಮ್ಯಾಲಿತ್ತು. ಕೈಯಾಗ ಐದುನೂರರ ನೋಟು. ಅರ್ಧ ಹಿಂದಿ, ಅರ್ಧ ತೆಲುಗಿನಾಗ ಕೇಳಿದ, "ಚಾಚಾ, ಎಡಗಡಿ ಮನಿಗೆ ಹೋದ್ರಿ, ಬಲಗಡಿ ಮನಿಗೆ ಹೋದ್ರಿ. ನಮ್ಮ ಮನಿ ಯಾಕ ದಾಟಿದ್ರಿ? ನನ್ನ ಮಗ ಬಾಗಿಲಾಗ ನಿಂತು ನೋಡ್ಯಾನ. ಅಪ್ಪಾ, ನಾವು ಈ ಊರವರಲ್ಲ ಏನು ಅಂತ ಕೇಳತಾನ. ನಾನೇನು ಹೇಳಲಿ?"

ನನಗ ಬಾಯಿ ಬರಲಿಲ್ಲ. "ನಿಮಗ ಯಾಕ ಭಾರ ಅಂತ ಬಿಟ್ವಿ" ಅಂದೆ. ಅವನಂದ, "ಭಾರ ಹೊರೂದೇ ನನ್ನ ಕೆಲಸ, ಚಾಚಾ."

ವಹಿ ತಂದೆ. ದೀಪದ ಬುಡಕ್ಕೆ ಕುಂತೆ. ಪೆನ್ನು ಹಿಡಿದ ಮ್ಯಾಲೆ ಗೊತ್ತಾಯಿತು, ಅವನ ಹೆಸರು ನನಗ ಗೊತ್ತಿಲ್ಲ. ನಾಲ್ಕು ವರ್ಷದಿಂದ ನನ್ನ ಹೊಲದ ನೆಲ್ಲಿನ ಚೀಲ ಹೊತ್ತಾನ. ನಾವೆಲ್ಲ ಅವನನ್ನ ‘ಬಿಹಾರಿ’ ಅಂತ ಕರೀತಿದ್ವಿ, ಅವನು ಓ ಅಂತಿದ್ದ. ಅಷ್ಟರಾಗೇ ಕೆಲಸ ನಡೀತಿತ್ತು. ಆ ರಾತ್ರಿ ನಾಚಿಗಿ ಬಿಟ್ಟು ಹೆಸರು ಕೇಳಿದೆ. ಅವನು ಹೇಳಿದ, ನಾನು ಬರೆದೆ. ಆ ಹೆಸರು ಪಟ್ಟಿ ವಹಿಯಾಗ ಅದ. ಇಲ್ಲಿ ಅಚ್ಚು ಹಾಕಿಸಲಾ ಅಂತ ಅವನನ್ನ ಕೇಳಿಲ್ಲ, ಅದಕ್ಕ ಬರೆದಿಲ್ಲ.

ಅವತ್ತು ನನ್ನ ತಪ್ಪು ಎಲ್ಲಿತ್ತು ಅಂತ ಬಹಳ ದಿನ ವಿಚಾರ ಮಾಡೀನಿ. ನಾನು ಅವನನ್ನ ಬೈದಿರಲಿಲ್ಲ, ಕೂಲಿ ಮುರಿದಿರಲಿಲ್ಲ. ಅವನ ಹೆಂಡತಿ ನಮ್ಮ ಬೋರಿಗೆ ನೀರಿಗೆ ಬಂದರೆ ಬ್ಯಾಡ ಅಂದವರಿಲ್ಲ. ಅವನ ಮೇಲೆ ನನಗೆ ಕರುಣೆ ಇತ್ತು. ಆದರೆ ಆ ಕರುಣೆ ಅವನನ್ನ ಹೊಸಲಿನ ಆಚೆಗೆ ನಿಲ್ಲಿಸಿತ್ತು. ಭಿಕ್ಷುಕನ ಹತ್ತಿರ ಯಾರೂ ಪಟ್ಟಿ ಕೇಳುವುದಿಲ್ಲ. ದಾರಿಹೋಕನ ಹತ್ತಿರವೂ ಕೇಳುವುದಿಲ್ಲ. ಮನಿಯವರ ಹತ್ತಿರ ಕೇಳತೀವಿ. ಕೇಳದೆ ದಾಟಿದೆ ಅಂದರೆ, ನೀನು ಮನಿಯವನಲ್ಲ ಅಂತ ಬಾಯಿ ಬಿಡದೆ ಹೇಳಿದಂಗ ಆಯಿತು. ದೊಡ್ಡವರಿಗಿಂತ ಮೊದಲು ಅದು ಬಾಗಿಲಾಗ ನಿಂತ ಕೂಸಿಗೆ ತಿಳಿಯಿತು.

ಇದು ನನಗೆ ತಿಳಿಯಬೇಕಿತ್ತು. ಯಾಕಂದರೆ ನಾನೂ ಆ ಕೂಸಿನ ಜಾಗದಾಗ ನಿಂತವನೇ.

ನಮ್ಮ ಮನಿ ಮಾತು ಕನ್ನಡ. ನಮ್ಮ ತಾತ ಹುಟ್ಟಿದ್ದು ಗದ್ವಾಲ ಸಂಸ್ಥಾನದಾಗ, ಮ್ಯಾಲೆ ನಿಜಾಮ. 1948ರಲ್ಲಿ ನಿಜಾಮನ ರಾಜ್ಯ ಹೋಯಿತು. ಆಗ ನಾವು ಹೈದರಾಬಾದ್ ರಾಜ್ಯ, ಗದ್ವಾಲ ತಾಲೂಕು ಇದ್ದದ್ದು ರಾಯಚೂರು ಜಿಲ್ಲಾದಾಗ. 1956ರ ನವೆಂಬರ್ 1ಕ್ಕೆ ಭಾಷೆ ನೋಡಿ ರಾಜ್ಯ ಹಂಚಿದರು. ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ಜಿಲ್ಲಾದ ಗದ್ವಾಲ, ಆಲಂಪುರ ತಾಲೂಕು ಆಂಧ್ರಕ್ಕೆ ಬಂದು ಮಹಬೂಬನಗರ ಜಿಲ್ಲಾ ಸೇರಿದವು. 2014ರ ಜೂನ್ 2ಕ್ಕೆ ತೆಲಂಗಾಣ ಆಯಿತು. 2016ರ ದಸರಾಕ್ಕೆ ಜೋಗುಳಾಂಬ ಗದ್ವಾಲ ಜಿಲ್ಲಾ ಆಯಿತು. ನಮ್ಮ ಮನಿ ಕಂಬ ಇದ್ದ ಜಾಗದಾಗೇ ಅದ. ಮನಿ ಮ್ಯಾಲಿನ ಹೆಸರು ಮಾತ್ರ ಬದಲಾಗಿಕೋತ ಹೋಯಿತು. ಹೊಸಲು ದಾಟದೇನೇ ಹೊಸ ರಾಜ್ಯದಾಗ ನೆಲೆ ನಿಂತವರು ನಾವು. ತಾತ ಕಚೇರಿಗೆ ಹೋದರೆ ಕಾಗದ ಓದಿಸಿಕೊಳ್ಳುವುದಕ್ಕೆ ಇನ್ನೊಬ್ಬರ ಕಾಲು ಹಿಡೀಬೇಕಿತ್ತು. ತನ್ನ ಹೊಲದ ಪಟ್ಟಾ ತಾನೇ ಓದಲಾರದವನಾದ.

ಅದಕ್ಕ ನಮ್ಮಪ್ಪ ನನ್ನನ್ನ ಓದುವುದಕ್ಕೆ ರಾಯಚೂರು ಕಡೆ ಸೋದರಮಾವನ ಊರಿಗೆ ಕಳಿಸಿದ, ಕನ್ನಡ ಕಲೀಲಿ ಅಂತ. ಅಲ್ಲಿ ಹುಡುಗರು ನನ್ನನ್ನ ‘ತೆಲುಗರ ಹುಡುಗ’ ಅಂದರು, ನನ್ನ ಮಾತಿನ ಎಳತ ಕೇಳಿ. ಏಳನೇದು ಮುಗಿಸಿ ಊರಿಗೆ ಬಂದರೆ ಇಲ್ಲಿ ‘ಕನ್ನಡದೋನು’ ಅಂದರು. ಅಲ್ಲಿ ಗೋಲಿ ಆಟಕ್ಕೆ ನನ್ನನ್ನ ಕರೆಯುತ್ತಿರಲಿಲ್ಲ. ಹೊಡೆದಿದ್ದರೆ ಇಷ್ಟು ನೆನಪು ಉಳೀತಿರಲಿಲ್ಲ. ಕರೆಯದೇ ಇದ್ದದ್ದು ಐವತ್ತು ವರ್ಷ ಉಳೀತು.

ಮುಂದೆ ದುಡಿಯುವುದಕ್ಕೆ ಹೊರಗೆ ಹೋದೆ. ಪಾಲಮೂರು ಲೇಬರ್ ಅಂದರೆ ದೇಶಕ್ಕೆಲ್ಲ ಗೊತ್ತು. ನಮ್ಮ ಜಿಲ್ಲಾದ ಮಂದಿ ಕಟ್ಟೆ ಕಟ್ಟಿದರು, ಕಾಲುವೆ ತೋಡಿದರು, ಮುಂಬೈ ಪುಣೆಯಾಗ ಮನಿಗಳನ್ನ ಎಬ್ಬಿಸಿದರು. ಮೇಸ್ತ್ರಿ ಮುಂಗಡ ಕೊಟ್ಟು ಗುಂಪು ಕಟ್ಟಿ ಲಾರಿ ಹತ್ತಿಸುತ್ತಿದ್ದ. ಹೆಸರು ಯಾರೂ ಕೇಳುತ್ತಿರಲಿಲ್ಲ, ತಲಿ ಎಣಿಸುತ್ತಿದ್ದರು. 1979ರ ಸುಗ್ಗಿಗೆ ನಾನು ಒಂದು ಗುಂಪಿನ ಜೊತೆ ಸಿಂಧನೂರು ಕಡೆ ನೆಲ್ಲು ಕೊಯ್ಯುವುದಕ್ಕೆ ಹೋದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸೀಮೆ. ಅಲ್ಲೇ ನಾನು ಮೊದಲ ಸಲ ದೇಶ ಬಿಟ್ಟು ಬಂದ ಮಂದಿಯನ್ನ ಕಂಡದ್ದು.

ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪುಗಳು ಅಂತ ಅದಾವ. ಮಂದಿ ಬಂಗಾಲಿ ಕ್ಯಾಂಪು ಅಂತಾರ. ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶದಿಂದ ಜೀವ ಕೈಯಾಗ ಹಿಡಕೊಂಡು ಬಂದ ಹಿಂದೂ ಕುಟುಂಬಗಳನ್ನ ಸರ್ಕಾರ ಎಪ್ಪತ್ತರ ದಶಕದ ಶುರುವಿಗೆ ಇಲ್ಲಿಗೆ ತಂದು ಇಳಿಸಿ, ಮನಿ ಭೂಮಿ ಕೊಟ್ಟಿತ್ತು. ಬರ್ಮಾದಿಂದ ಬಂದವರೂ ಕೆಲವರಿದ್ದರು. ನದಿ, ಮೀನು, ಮಳಿ ನೋಡಿ ಬೆಳೆದ ಮಂದಿ; ಬಂದು ಇಳಿದದ್ದು ಎರಿ ಭೂಮಿ, ಜಾಲಿ ಮುಳ್ಳು, ಬೆಂಕಿಯಂಥಾ ಬಿಸಿಲಿನ ಸೀಮೆಗೆ. ಸುತ್ತಲಿನವರ ಮಾತು ಇವರಿಗೆ ತಿಳಿಯದು, ಇವರ ಮಾತು ಅವರಿಗೆ ತಿಳಿಯದು.

ನಾವು ಅವರ ಕಣದ ಹತ್ತಿರ ಮಲಗುತ್ತಿದ್ವಿ. ನನಗ ಚಳಿಜ್ವರ ಬಂತು. ಗುಂಪಿನವರು ಕೆಲಸಕ್ಕೆ ಹೋದರು, ನಾನು ಹುಲ್ಲಿನ ಬಣವಿ ಮಗ್ಗಲಿಗೆ ನಡುಗಿಕೋತ ಬಿದ್ದಿದ್ದೆ. ಕ್ಯಾಂಪಿನ ಒಬ್ಬ ಮುದುಕಿ ಗಂಜಿ ತಂದು ಕುಡಿಸಿದಳು. ಮೂರು ದಿನ ತಂದಳು. ಜ್ವರ ಬಿಟ್ಟ ಮ್ಯಾಲೆ ಅವಳ ಗಂಡನ ಮುಂದೆ ಕೈ ಮುಗಿದು ನಿಂತೆ. ಆ ಮುದುಕನ ಹತ್ತಿರ ಒಂದು ಏಕತಾರಿಯಂಥಾ ವಾದ್ಯ ಇತ್ತು. ಅವರ ಕಡೆ ಬಾವುಲರು ಅಂತ ಹಾಡುವವರು ಇರುತ್ತಾರಂತೆ. ಅವನು ಹರಕು ಹಿಂದಿಯಾಗ ಕೇಳಿದ, "ನಿನಗ ಹಾಡು ಬರತೈತೇನು? ನಮಗೊಂದು ಹಾಡು ಕೊಟ್ಟು ಹೋಗು."

ಆಗ ನನಗ ಹತ್ತೊಂಬತ್ತು. ಅಲ್ಲೀತನಕ ಊರ ಹೊರಗೆ ಯಾರು ಕೇಳಿದರೂ ನನ್ನ ರಟ್ಟೆ ಕೇಳುತ್ತಿದ್ದರು. ಮೊದಲ ಸಲ ಒಬ್ಬ ಮನುಷ್ಯ ನನ್ನ ಹತ್ತಿರ ಕೂಲಿಗೆ ಸಿಗದ ವಸ್ತು ಕೇಳಿದ್ದ. ನಮ್ಮಪ್ಪ ಕಲಿಸಿದ ಒಂದು ತತ್ವಪದ ಹಾಡಿದೆ. ಮುದುಕ ತಂತಿ ಮೀಟಿದ. ಮಾತು ಅವನಿಗೆ ತಿಳಿಯಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು ತಿಳಿಯಿತು. ಮರುದಿನದಿಂದ ನಾನು ಆ ಓಣಿಯಾಗ ಲೇಬರ್ ಆಗಿ ಉಳಿಯಲಿಲ್ಲ, ಹಾಡಿನ ಹುಡುಗ ಆದೆ. ಸುಗ್ಗಿ ಮುಗಿಯುವ ತನಕ ಅಲ್ಲಿದ್ದೆ. ಇವತ್ತಿಗೂ ಆ ಗಂಜಿ ಮರೆತಿಲ್ಲ. ಖರೇ ಹೇಳಬೇಕಂದರೆ, ಗಂಜಿಗಿಂತ ಆ ಕೇಳಿದ್ದು ದೊಡ್ಡದು. ಗಂಜಿ ಕುಡಿದಾಗ ನಾನು ಅನಾಥ ಇದ್ದೆ. ಹಾಡು ಕೊಟ್ಟಾಗ ಮನುಷ್ಯ ಆದೆ.

ಕೇಳಿದವರು ಯಾರು ಅಂತ ನೋಡಿರಿ. ತಮ್ಮದೆಲ್ಲ ಕಳಕೊಂಡು ಬಂದವರು. ಅವರಿಗೆ ಆ ಊರಾಗ ಎಷ್ಟು ಸಿಕ್ಕಿತ್ತು? ಭೂಮಿ ಸಿಕ್ಕಿತ್ತು, ದುಡಿದು ನೆಲ್ಲು ಬೆಳೆದರು, ಕೆರಿ ತೋಡಿ ಮೀನು ಬಿಟ್ಟರು, ದುರ್ಗಾಪೂಜೆ ಮಾಡಿದರು, ಮಕ್ಕಳು ಕನ್ನಡ ಶಾಲಿಗೆ ಹೋಗಿ ಕನ್ನಡದಾಗ ಮಾತಾಡಿದರು. ಸಿಗದೇ ಉಳಿದದ್ದು ಕಾಗದ. ತಮ್ಮ ಕಡೆ ನಾಮಶೂದ್ರರು ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಾಗ ಆ ಹೆಸರೇ ಇಲ್ಲ. ಬಹಳ ಮಂದಿಗೆ ನಾಗರಿಕತ್ವದ ಕಾಗದಕ್ಕೆ ಐವತ್ತು ವರ್ಷ ಕಾಯುವುದಾಯಿತು. 2019ರಲ್ಲಿ ಕಾಯ್ದೆ ಆಗಿ, 2024ರ ಮಾರ್ಚಿಗೆ ಅದರ ನಿಯಮ ಬಂದ ಮ್ಯಾಲೆ, ಆ ವರ್ಷ ಸಿಂಧನೂರು ಕ್ಯಾಂಪಿನ ಕೆಲವರ ಕೈಗೆ ಪ್ರಮಾಣಪತ್ರ ಬಂತು ಅಂತ ಪೇಪರಿನಾಗ ಓದಿದೆ. ಆ ಕಾಯ್ದೆ ಯಾರನ್ನ ಒಳಗ ಕರೀತು, ಯಾರನ್ನ ಹೊರಗ ಬಿಡ್ತು ಅನ್ನುವ ವಾದ ದೊಡ್ಡದು, ಅದು ಬೇರೆ ದಿನಕ್ಕಿರಲಿ. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟೇ: ಕೂಸಾಗಿ ಬಂದವನು ಮೊಮ್ಮಕ್ಕಳನ್ನ ಎತ್ತಿಕೊಂಡು ಹೋಗಿ, ನಾನು ಈ ದೇಶದವನು ಅನ್ನುವ ಕಾಗದ ಇಸಕೊಂಡ. ಸರ್ಕಾರದ ಪಟ್ಟಿ ಅಷ್ಟು ನಿಧಾನ. ಊರಿನ ಪಟ್ಟಿ ನಮ್ಮ ಕೈಯಾಗ ಅದ. ನಾವೂ ಅಷ್ಟೇ ನಿಧಾನ ಮಾಡಬೇಕೇನು?

ಚಳಿಗಾಲಕ್ಕೆ ಶಹರಗಳ ರಸ್ತಿ ಬದಿಗೆ ಸ್ವೆಟರ್ ಮಾರುವ ಟಿಬೆಟ್ ಮಂದಿಯನ್ನ ನೀವು ನೋಡೀರಿ. ಅವರೂ ಹೀಂಗೇ ಬಂದವರು. 1960ರ ಸುಮಾರಿಗೆ ಮೈಸೂರು ರಾಜ್ಯ ಬೈಲುಕುಪ್ಪೆಯ ಹತ್ತಿರ ಮೂರು ಸಾವಿರ ಎಕರೆಯಷ್ಟು ಕಾಡು ಭೂಮಿ ಅವರಿಗೆ ಕೊಟ್ಟಿತು. ಆಮ್ಯಾಲೆ ಮುಂಡಗೋಡದಾಗ ಕೊಟ್ಟಿತು. ಹಿಮದ ಸೀಮೆಯವರು ಆನಿ ತಿರುಗುವ ಕಾಡು ಕಡಿದು ಗೋವಿನಜೋಳ ಬೆಳೆದರು, ಗುಂಪಾ ಕಟ್ಟಿದರು. ಈಗ ಅದನ್ನ ನೋಡುವುದಕ್ಕೆ ನಮ್ಮ ಮಂದಿ ಬಸ್ಸು ಮಾಡಿಕೊಂಡು ಹೋಗತಾರ. ಕೊಟ್ಟ ಸರ್ಕಾರವನ್ನ ಹೊಗಳಬೇಕು. ಭೂಮಿ ಕೊಟ್ಟಿದ್ದಷ್ಟೇ ಅಲ್ಲ, ತಮ್ಮ ಶಾಲಿ, ತಮ್ಮ ಮಾತು, ತಮ್ಮ ದೇವರು ಇಟ್ಟುಕೊಳ್ಳಲಿಕ್ಕೆ ಬಿಟ್ಟಿತು. ಅವರು ತಿರುಗಿ ಹೋಗುವ ಆಸೆ ಇಟ್ಟುಕೊಂಡೇ ಇಲ್ಲಿ ಬೇರು ಬಿಟ್ಟರು. ಎರಡೂ ಒಂದೇ ಎದಿಯಾಗ ಇರತಾವ ಅಂತ ಅವರನ್ನ ನೋಡಿ ತಿಳಕೊಂಡೆ.

ಭಜನಿಯಾಗ ನಾವು ಶರಣರ ಕಥಿ ಹೇಳತೀವಿ. ಮೋಳಿಗೆ ಮಾರಯ್ಯನ ಕಥಿ ಎಲ್ಲರಿಗೂ ಗೊತ್ತು. ಕಾಶ್ಮೀರದ ಅರಸು, ಹೆಂಡತಿ ಮಹಾದೇವಿಯ ಜೊತೆ ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದ. ಕಟ್ಟಿಗಿ ಹೊರಿ ಹೊತ್ತು ಮಾರಿ ಜಂಗಮರಿಗೆ ಉಣಿಸಿದ. ಬಡತನ ನೋಡಲಾರದೆ ಬಸವಣ್ಣನೇ ಗುಟ್ಟಾಗಿ ಅವನ ಮನಿಯಾಗ ಹೊನ್ನು ಇಟ್ಟು ಬಂದನಂತೆ. ಮಾರಯ್ಯ ಅದನ್ನ ತನಗ ಅಂತ ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿಬಿಟ್ಟ. ಸಣ್ಣವನಿದ್ದಾಗ ನಾನು ಇದನ್ನ ತ್ಯಾಗದ ಕಥಿ ಅಂತ ಕೇಳುತ್ತಿದ್ದೆ. ಈಗ ಬೇರೆ ಕಾಣತೈತಿ. ದೂರದ ದೇಶದಿಂದ ಬಂದವನು ಕಲ್ಯಾಣದಾಗ ತಗೊಳ್ಳುವವನಾಗಿ ಇರಲಿಕ್ಕೆ ಒಪ್ಪಲಿಲ್ಲ. ಕೊಡುವವರ ಸಾಲಿನಾಗ ತನ್ನ ಜಾಗ ಬೇಕು ಅಂದ. ಆ ಕೊಡುವುದನ್ನ ಕಲ್ಯಾಣ ಇಸಕೊಂಡಿತು. ಅವನಿಗೆ ಉಳಿದ ಹೆಸರು ಕಾಶ್ಮೀರದ್ದಲ್ಲ, ಅರಸುತನದ್ದಲ್ಲ; ತಲಿ ಮ್ಯಾಲಿನ ಕಟ್ಟಿಗಿ ಹೊರಿಯದು. ನಮ್ಮ ಮಿಲ್ಲಿನ ಹಮಾಲಿ ಐದುನೂರರ ನೋಟು ಹಿಡಿದು ನಿಂತಾಗ ನನಗ ಆ ಕಥಿ ನೆನಪಾಗಬೇಕಿತ್ತು. ಆಗಲಿಲ್ಲ. ಐವತ್ತು ವರ್ಷ ಹಾಡಿದ ಕಥಿ ಬಾಗಿಲಿಗೆ ಬಂದು ನಿಂತರೆ ಗುರುತು ಸಿಗಲಿಲ್ಲ.

ಇದನ್ನ ವಾಚನಾಲಯದಾಗ ಹೇಳಿದಾಗ ನನ್ನ ಗೆಳೆಯನೊಬ್ಬ ಎದ್ದು ಅಂದ, "ಅಣ್ಣಾ, ಒಬ್ಬ ಹಮಾಲಿ ಬಂದದ್ದಕ್ಕ ಕಣ್ಣೀರು ಹಾಕತೀ. ತುಂಗಭದ್ರಾ ಕಾಲುವಿಗೆ ಏನಾಯಿತು ನೆನಸು." ಅವನ ಮಾತಿನಾಗ ಹುರುಳಿದೆ. 1953ರಲ್ಲಿ ಆ ಕಟ್ಟೆ ಮುಗಿದು ಕಾಲುವೆ ಬಂದಾಗ ಕರಾವಳಿ ಆಂಧ್ರದ ರೈತರು ಗಂಟು ತಂದು ಗಂಗಾವತಿ, ಸಿಂಧನೂರು ಕಡೆ ಭೂಮಿ ಕೊಂಡರು. ಅವರ ಊರಿಗೂ ಕ್ಯಾಂಪು ಅಂತಲೇ ಹೆಸರು. ನೀರಾವರಿ ನೆಲ್ಲಿನ ಕಸಬು ಅವರಿಗೆ ಗೊತ್ತು, ನಮ್ಮವರಿಗೆ ಗೊತ್ತಿಲ್ಲ. ಸಾಲ ತೀರಲೆಂದು ಅಗ್ಗಕ್ಕೆ ಹೊಲ ಮಾರಿದ ಎಷ್ಟೋ ಮಂದಿ ತಮ್ಮ ಹೊಲಕ್ಕೆ ತಾವೇ ಕೂಲಿಗೆ ಹೋದರು. ಕಾಲುವೆ ಬಾಯಿಗೆ ಇದ್ದವರು ನೀರು ಎಳಕೊಂಡರೆ ಕೊನಿಯಾಗ ಇದ್ದವರಿಗೆ ಒಣ ಕಾಲುವೆ. ಬಂದವರಿಂದ ಆ ಸೀಮೆ ಅಕ್ಕಿಯ ಕಣಜ ಆಯಿತು, ಇದೂ ಸುಳ್ಳಲ್ಲ. ಅವರಿಂದ ನಮ್ಮವರು ಬೆಳಿ ಕಲಿತರು, ಇದೂ ಸುಳ್ಳಲ್ಲ. ಆದರೆ ಬಂದವನು ಯಾವಾಗಲೂ ಬಡವ ಅಂತಲೂ ಅಲ್ಲ, ಇದ್ದವನು ಯಾವಾಗಲೂ ಬಲ್ಲಿದ ಅಂತಲೂ ಅಲ್ಲ.

ಅದಕ್ಕೇ ನನಗ ಪಟ್ಟಿಯ ಲೆಕ್ಕ ಚಲೋ ಕಾಣತೈತಿ. ಪಟ್ಟಿ ಮನಿಗೆ ಇಷ್ಟು ಅಂತ ಇರತೈತಿ, ಎಲ್ಲರಿಗೂ ಒಂದೇ. ಹಮಾಲಿಗೆ ಬ್ಯಾಡ ಬಿಡು ಅನ್ನುವಂಗಿಲ್ಲ. ನೂರು ಎಕರೆ ಕೊಂಡವನು ಬಂದು, ಇಡೀ ಜಾತ್ರಿ ಖರ್ಚು ನಂದೇ, ಕಳಸದ ಮ್ಯಾಲೆ ನನ್ನ ಹೆಸರು ಬರೀರಿ ಅಂದರೆ ಅದಕ್ಕೂ ಒಪ್ಪುವಂಗಿಲ್ಲ. ಹಾಂಗ ಕೊಟ್ಟವನು ಊರಿನವನಾಗುವುದಿಲ್ಲ, ಊರನ್ನ ಕೊಂಡಂಗಾಗತೈತಿ. ಬಂದವನಿಗೆ ಇದ್ದವನಷ್ಟೇ ಪಾಲು, ಅಷ್ಟೇ ಭಾರ. ನೀರಿನ ಸರದಿಯಾಗೂ ಇದೇ ಲೆಕ್ಕ ನಡೆದಿದ್ದರೆ ಆ ಕಾಲುವೆ ಕೊನಿಯವರ ಹೊಲ ಒಣಗುತ್ತಿರಲಿಲ್ಲ.

ಇನ್ನೊಂದು ಮಾತು. ಕೇಳಬೇಕು ಅಂದೆ ಅಂತ, ಏನು ಬೇಕಾದರೂ ಕೇಳಬಹುದು ಅಂತಲ್ಲ. ಕೆಲವರು ಬಂದವನ ಹತ್ತಿರ ಅವನ ನಾಲಿಗೇನೇ ಕೇಳತಾರ: ನಮ್ಮ ಊರಾಗ ಇರಬೇಕಂದರೆ ನಿನ್ನ ಮಾತು ಬಿಡು, ನಿನ್ನ ಹಬ್ಬ ಬಿಡು. ಎಪ್ಪತ್ತು ವರ್ಷ ಈ ತೆಲುಗು ರಾಜ್ಯದಾಗ ನಮ್ಮ ಮನಿ ಕನ್ನಡ ಉಳಿಸಿಕೊಂಡು ಬಂದೈತಿ. ಸಂತಿಯಾಗ, ಕಚೇರಿಯಾಗ ತೆಲುಗು. ಒಲಿ ಮುಂದೆ, ಭಜನಿಯಾಗ ಕನ್ನಡ. ಕೃಷ್ಣಾ, ಮಕ್ತಲ ಕಡೆ ಇನ್ನೂ ಕನ್ನಡ ಶಾಲಿ ಅದಾವ. ಹೀಂಗಿರುವಾಗ ನಾನು ಯಾವ ಬಾಯಿಂದ ಆ ಹಮಾಲಿಗೆ, ಮಕ್ಕಳ ಹತ್ತಿರ ನಿಮ್ಮೂರ ಮಾತು ಆಡಬ್ಯಾಡ ಅನ್ನಲಿ? ತೆಲುಗು ಕಲಿ ಅಂತ ಹೇಳಬಹುದು, ಹೇಳಬೇಕು. ಇಲ್ಲದಿದ್ದರೆ ನಮ್ಮ ತಾತನಂಗ ತನ್ನ ಕಾಗದ ತಾನು ಓದಲಾರದೆ ಇನ್ನೊಬ್ಬರ ಕೈಯಾಗ ಉಳೀತಾನ. ಒಲಿ ಮ್ಯಾಲೆ ಎರಡು ಗಡಿಗಿ ಇಡಬಹುದು.

ಹಾಂಗಾದರೆ ಬಂದವನ ಕಡೆಯಿಂದ ಏನು? ಅವನಿಗೂ ಒಂದು ಕೆಲಸ ಅದ, ಅದು ಕಷ್ಟದ್ದು. ಕೇಳಿದಾಗ ಬರಬೇಕು. ನನಗ್ಯಾಕ, ನಾಳೆ ಹೋಗುವವ ಅಂತ ಕುಂತರೆ ಆಗದು. ಸತ್ತಾಗ ಹೆಗಲು ಕೊಡಬೇಕು, ಮದುವಿಗೆ ನೀರು ಹೊರಬೇಕು, ಬೆಂಕಿ ಬಿದ್ದರೆ ಓಡಿ ಬರಬೇಕು. ಕೇಳದಿದ್ದರೆ, ನಮ್ಮ ಹಮಾಲಿ ಬಂದಂಗ ಬಂದು, ಯಾಕ ಕೇಳಲಿಲ್ಲ ಅಂತ ಕೇಳಬೇಕು. ಆ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಸೋದರಮಾವನ ಊರಾಗ ಗೋಲಿ ಆಟದ ಹೊರಗೆ ನಿಂತ ನನಗ ಇರಲಿಲ್ಲ. ಅದಕ್ಕ ಮೊದಲು ಕೇಳುವ ಭಾರ ಇದ್ದವರ ಮ್ಯಾಲೇ ಹೆಚ್ಚು ಅಂತ ನನ್ನ ತೀರ್ಮಾನ. ಬಾಗಿಲು ಒಳಗಿನಿಂದ ತೆಗೆಯುವುದು ಸುಲಭ.

ಈ ಪ್ರಶ್ನೆ ನನಗ ಬಿಡದೇ ಇರಲಿಕ್ಕೆ ಇನ್ನೊಂದು ಕಾರಣ ಅದ. ನನ್ನ ಸಣ್ಣ ಮಗ ಸೌದಿಯಾಗ ಇದ್ದಾನ. ಟೈಲ್ಸ್ ಕೂಡಿಸುವ ಕೆಲಸ. ಹೋಗಿ ಒಂಬತ್ತು ವರ್ಷ ಆಯಿತು, ನಡುವೆ ಮೂರು ಸಲ ಬಂದು ಹೋಗ್ಯಾನ. ಅವನು ಕಳಿಸಿದ ರೊಕ್ಕದಿಂದ ಅಕ್ಕನ ಮದುವಿ ಆಯಿತು, ಮನಿಗೆ ಸ್ಲ್ಯಾಬ್ ಬಿತ್ತು, ಬೋರ್ ಬಿತ್ತು. ಆ ದೇಶ ಅವನಿಗೆ ಕೊಟ್ಟದ್ದನ್ನ ನಾನು ಮರೆಯುವವನಲ್ಲ. ಆದರೆ ಅಲ್ಲಿ ಇರಬೇಕಾದರೆ ಇಕಾಮಾ ಅನ್ನುವ ಕಾರ್ಡು ಬೇಕು, ಅದು ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಇರುವುದೂ ಹೋಗತೈತಿ. ಇಪ್ಪತ್ತು ವರ್ಷ ಇದ್ದರೂ ಕೂಲಿಕಾರ ಕೂಲಿಕಾರನೇ. ಪಟ್ಟಿ ಕಥಿಯನ್ನ ಫೋನಿನಾಗ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮ್ಯಾಲೆ ಅಂದ, "ಯಪ್ಪಾ, ನಮಗ ಇಲ್ಲಿ ಊಟಕ್ಕೆ ಕಡಿಮಿ ಇಲ್ಲ. ಕೆಲಸ ಕೇಳತಾರ, ಮಾಡತೀವಿ, ಪಗಾರ ಕೊಡತಾರ. ಇನ್ನೇನೂ ಯಾರೂ ಕೇಳಲ್ಲ. ನಾನು ಕೂಡಿಸಿದ ನೆಲದ ಮ್ಯಾಲೆ ಎಷ್ಟು ಮಂದಿ ನಡೀತಾರೋ, ನನ್ನ ಹೆಸರು ಕೇಳಿದವರು ಇಲ್ಲ."

ನಾನು ನಾಲ್ಕು ವರ್ಷ ಒಬ್ಬನ ಹೆಸರು ಕೇಳದೆ ಅವನ ಕೈಲೆ ಚೀಲ ಹೊರಿಸಿದ್ದೆ. ಅಷ್ಟೇ ವರ್ಷ ನನ್ನ ಮಗನ ಹೆಸರು ಯಾರೂ ಕೇಳುವಲ್ಲರು ಅಂತ ನನ್ನ ಹೆಂಡತಿ ಮುಂದೆ ಹೊಟ್ಟಿ ಉರಕೊಂಡಿದ್ದೆ. ಎರಡೂ ಒಂದೇ ಕಾಲಕ್ಕೆ ಮಾಡೀನಿ. ಇದನ್ನ ಬರೆಯುವಾಗ ಕೈ ನಿಲ್ಲತೈತಿ. ಆದರೂ ಬರೀತೀನಿ, ಯಾಕಂದರೆ ನಮ್ಮ ಸೀಮೆಯಾಗ ಒಬ್ಬರಾದರೂ ಹೊರಗೆ ಹೋಗದ ಮನಿ ಯಾವುದೈತಿ? ಹೈದರಾಬಾದೋ, ಬೆಂಗಳೂರೋ, ಮುಂಬೈಯೋ, ದುಬೈಯೋ. ನಮ್ಮ ಮಕ್ಕಳು ಎಲ್ಲೆಲ್ಲೋ ಯಾರದೋ ಬಾಗಿಲಾಗ ನಿಂತಾರ. ಅಲ್ಲಿಯವರು ಹೆಂಗ ನಡಕೋಬೇಕು ಅಂತ ನಾವು ಬಯಸತೀವೋ, ನಮ್ಮ ಬಾಗಿಲಾಗ ನಿಂತವರ ಜೊತೆ ಹಾಂಗ ನಡಕೊಂಡೇವೇನು?

ಜಾತ್ರಿ ಆಯಿತು. ಎಲ್ಲ ಸುಖವಾಗಿ ಮುಗೀತು ಅಂತ ಬರೆದರೆ ಸುಳ್ಳಾಗತೈತಿ. ಅವನ ಹೆಸರು ವಹಿಯಾಗ ನೋಡಿ ಇಬ್ಬರು ಮುಖ ಗಂಟು ಹಾಕಿದರು. ಇವತ್ತು ಪಟ್ಟಿ, ನಾಳೆ ಮನಿ ಜಾಗ ಕೇಳತಾನ ಅಂದರು. ಕೇಳಲಿ, ಕೇಳಿದರೆ ಕುಂತು ಮಾತಾಡೋಣ, ಊರವನಾದ ಮ್ಯಾಲೆ ಕೇಳುವುದಕ್ಕೂ ಹಕ್ಕು ಇರತೈತಿ ಅಂದೆ. ಅವರಿಗೆ ನನ್ನ ಮಾತು ಹಿಡಿಸಲಿಲ್ಲ. ತೇರು ಎಳೆಯುವಾಗ ಅವನು ಹಗ್ಗಕ್ಕೆ ಕೈ ಹಚ್ಚಿದ. ಚೀಲ ಹೊತ್ತ ಹೆಗಲು, ಮೂರು ಮಂದಿ ಬಲ. ಅವನ ಹೆಂಡತಿ ಪ್ರಸಾದದ ಅಡಗಿಗೆ ಹೆಣ್ಣುಮಕ್ಕಳ ಜೊತೆ ಕುಂತು ಕಾಯಿಪಲ್ಲೆ ಹೆಚ್ಚಿದಳು. ರಾತ್ರಿ ಭಜನಿಗೆ ಅವನು ಬಂದು ಹಿಂದೆ ಕಂಬಕ್ಕೆ ಆತು ಕುಂತಿದ್ದ. ಎರಡು ಪದ ಮುಗಿದ ಮ್ಯಾಲೆ ನಾನು ಏಕತಾರಿ ಕೆಳಗಿಟ್ಟು ಅವನ ಕಡೆ ನೋಡಿ ಕೇಳಿದೆ, "ನಿಮ್ಮೂರ ಹಾಡು ಬರತೈತೇನಪ್ಪ? ನಮಗೊಂದು ಕೊಡು." ನಾಚಿಕೊಂಡ. ಮಂದಿ ಒತ್ತಾಯ ಮಾಡಿದರು. ನೆಲ್ಲು ಹಚ್ಚುವಾಗ ಅವರೂರಾಗ ಹಾಡುವುದಂತೆ, ಒಂದು ಹಾಡಿದ. ಮಾತು ನಮಗೆ ತಿಳಿಯಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು ನನಗೆ ತಿಳಿಯಿತು, ತಂತಿ ಮೀಟಿದೆ.

ಈ ವರ್ಷದ ಪಟ್ಟಿ ವಹಿ ನನ್ನ ಮುಂದೆ ಅದ. ನಮ್ಮ ಮಗ ಹೊರಗೆ ಹೋದ ಮ್ಯಾಲೂ ಅವನ ಹೆಸರಿನಾಗ ಒಂದು ಪಾಲು ಎತ್ತತೀವಿ. ಪ್ರತಿ ವರ್ಷ ತಪ್ಪದೆ, ನನ್ನ ಪಟ್ಟಿ ಕಟ್ಟೀರೇನು ಅಂತ ಅವನೇ ಫೋನ್ ಮಾಡಿ ಕೇಳತಾನ. ಅವನು ಇನ್ನೂ ಈ ಊರಿನವನು ಅನ್ನುವುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ. ಅವನ ಹೆಸರಿನ ಕೆಳಗೆ ಈ ಸಲ ನಾನೇ ಮೊದಲು ಹೋಗಿ ಬಾಗಿಲು ಬಡಿದು, ಕೇಳಿ ಬರಕೊಂಡ ಹೆಸರು ಅದ. ಬಾಗಿಲು ತೆಗೆದದ್ದು ಆ ಹುಡುಗ. "ಅಪ್ಪಾ, ಪಟ್ಟಿಗೆ ಬಂದಾರ" ಅಂತ ತೆಲುಗಿನಾಗ ಒಳಗೆ ಕೂಗಿದ.

ನಿಮ್ಮ ಊರಾಗೂ ಜಾತ್ರಿ, ಉರುಸು, ಮೊಹರಂ ಬರತಾವ, ಪಟ್ಟಿ ಬರೀತೀರಿ. ಯಾವ ಮನಿ ದಾಟೀರಿ ಅಂತ ಒಮ್ಮೆ ಹಿಂದಕ್ಕೆ ತಿರುಗಿ ನೋಡಿರಿ. ಬರಹದಾಗ ತಪ್ಪಿದ್ದರೆ ತಿದ್ದಿಕೊಂಡು ಓದಿರಿ.